ಬೀಜಾಣುವಿಗಿಂತ ಗೋಡೆಯೇ ಹಟಮಾರಿ

2001ರ ಅಕ್ಟೋಬರ್ 15ರಂದು ವಾಷಿಂಗ್ಟನ್ನಿನ ಹಾರ್ಟ್ ಸೆನೆಟ್ ಕಟ್ಟಡದಲ್ಲಿ, ಸೆನೆಟರ್ ಟಾಮ್ ಡ್ಯಾಶಲ್ ಹೆಸರಿಗೆ ಬಂದ ಲಕೋಟೆ ಒಡೆದಾಗ ಪುಡಿ ಹಾರಿತು. ಅಂಥ್ರಾಕ್ಸ್ ಬ್ಯಾಕ್ಟೀರಿಯಾದ ಬೀಜಾಣು ಅದು. ದನಕುರಿಗಳಿಗೆ ಬರುವ ಈ ರೋಗಕ್ಕೆ ನಮ್ಮಲ್ಲಿ ನೆರಡಿ ಎನ್ನುತ್ತಾರೆ. ಇಂಥ ಪತ್ರಗಳಿಂದ ಆಗ ಅಮೆರಿಕದಲ್ಲಿ 22 ಮಂದಿಗೆ ಸೋಂಕು ತಗುಲಿ ಐವರು ಸತ್ತರು. ಕಟ್ಟಡದ ಬಾಗಿಲು ಮತ್ತೆ ತೆರೆದದ್ದು 2002ರ ಜನವರಿಯಲ್ಲಿ.

ಅಷ್ಟು ಕಾಲ ಹಿಡಿಯಲು ಕಾರಣವಿದೆ. ಬೀಜಾಣುವಿನ ಒಡಲಲ್ಲಿ ನೀರು ತೀರಾ ಕಡಿಮೆ, ಸುತ್ತ ಪದರ ಪದರವಾಗಿ ಪ್ರೋಟೀನ್ ಕವಚ, ಡಿಎನ್‌ಎಗೂ ಬೇರೆಯೇ ಕಾವಲು. ಸ್ಯಾನಿಟೈಸರಿನ ಆಲ್ಕೋಹಾಲಿಗೆ ಅದು ಜಗ್ಗುವುದಿಲ್ಲ. ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯ 121 ಡಿಗ್ರಿ ಹಬೆಗೆ ಸಾಯುತ್ತದೆ, ನಿಜ. ಆದರೆ ಇಡೀ ಕಚೇರಿಯನ್ನು ಬೇಯಿಸುವುದು ಹೇಗೆ?

ಡ್ಯಾಶಲ್ ಕೊಠಡಿಗಳಿಗೆ ಕ್ಲೋರಿನ್ ಡೈಆಕ್ಸೈಡ್ ಅನಿಲ ತುಂಬಿದರು. ಸಂದುಗೊಂದಿಗೂ ನುಗ್ಗುವುದು ಇದರ ಹೆಚ್ಚುಗಾರಿಕೆ. ಆದರೆ ಗಾಳಿಯಲ್ಲಿ ಸಾಕಷ್ಟು ತೇವವಿಲ್ಲದಿದ್ದರೆ ಕೆಲಸ ಕೆಡುತ್ತದೆ. ಬಣ್ಣ ಮಾಸುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ವಿದೇಶಾಂಗ ಇಲಾಖೆಯ ಅಂಚೆ ಕೇಂದ್ರದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಳಸಿದರು. ಕೊನೆಗೆ ನೀರು, ಆಮ್ಲಜನಕವಷ್ಟೇ ಉಳಿಯುವ ಸಭ್ಯ ರಾಸಾಯನಿಕವಿದು. ಕಾಂಕ್ರೀಟು, ರಟ್ಟಿನಂಥವು ಸಿಕ್ಕರೆ ಮಾತ್ರ ಬೀಜಾಣುವನ್ನು ಮುಟ್ಟುವ ಮೊದಲೇ ಬಹುಪಾಲು ಕರಗಿಹೋಗುತ್ತದೆ.

ಹಳೆಯ ಕಾಲದ ಫಾರ್ಮಾಲ್ಡಿಹೈಡ್ ಕೊಲ್ಲುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದ ಕುರಿಗಳ ಮೇಲೆ ಅಂಥ್ರಾಕ್ಸ್ ಬಾಂಬ್ ಪರೀಕ್ಷಿಸಿದ್ದರು. ನಾಲ್ಕು ದಶಕವಾದರೂ ಮಣ್ಣಿನ ವಿಷ ಇಳಿಯಲಿಲ್ಲ. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ದ್ರಾವಣವನ್ನು ಸಮುದ್ರದ ನೀರಿನಲ್ಲಿ ಬೆರೆಸಿ ನೆಲಕ್ಕೆ ಕುಡಿಸಿದರು. 1990ರಲ್ಲಿ ದ್ವೀಪ ಸುರಕ್ಷಿತವೆಂದು ಸಾರಿದರು. ಅದೇ ಕ್ಯಾನ್ಸರ್‌ಕಾರಕವನ್ನು ಜನ ಕೂತು ಕೆಲಸ ಮಾಡುವ ಕೋಣೆಗೆ ತರಲು ಯಾರಿಗೂ ಮನಸ್ಸು ಬಾರದು.

ನನ್ನ ಮೆಚ್ಚುಗೆ ಬಡಪಾಯಿ ಬ್ಲೀಚಿಗೆ. ಅಂಗಡಿಯ ಬ್ಲೀಚಿನ ಪಿಎಚ್ 11ಕ್ಕೂ ಮೇಲೆ. ಅದನ್ನು 7ರ ಆಸುಪಾಸಿಗೆ ಇಳಿಸಿದರೆ ಹೈಪೋಕ್ಲೋರಸ್ ಆಮ್ಲದ ಪಾಲು ಹೆಚ್ಚಿ, ಬೀಜಾಣುವಿನ ಮೇಲೆ ಏಟು ಬಲವಾಗುತ್ತದೆ. ಗಾಜು, ಸ್ಟೀಲನ್ನು ಒಂದು ಗಂಟೆ ಒದ್ದೆಯಾಗಿಟ್ಟರೆ ಕೆಲಸ ಮುಗಿಯಿತು. ಬಣ್ಣ ಕಾಣದ ಮರ, ಮಣ್ಣು ಮೆತ್ತಿದ ನೆಲವಾದರೆ ಅವೇ ಕ್ಲೋರಿನ್ ನುಂಗಿಬಿಡುತ್ತವೆ. ಹಾಗಾಗಿ ಯಾವ ಮದ್ದು ಜೋರು ಎನ್ನುವುದಕ್ಕೆ ಮೊದಲು, ಯಾವುದರ ಮೇಲೆ, ಎಷ್ಟು ಹೊತ್ತು ಎಂದು ಕೇಳಬೇಕು.

ಒಂದು ಎಚ್ಚರಿಕೆ: ಪಿಎಚ್ ಇಳಿಸುವ ಈ ಕಸರತ್ತನ್ನು ಮನೆಯಲ್ಲಿ ಮಾಡಬೇಡಿ. ಬ್ಲೀಚಿಗೆ ನೇರವಾಗಿ ವಿನೆಗರ್ ಸುರಿದರೆ ಏಳುವುದು ವಿಷಕಾರಿ ಕ್ಲೋರಿನ್ ಅನಿಲ.