‘ಕಾಪ್ರ’ ಎಂಬ ಇಂಗ್ಲಿಷ್ ಪದ: ಅರ್ಥ ಮತ್ತು ಪ್ರಯೋಗ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸುತ್ತಿನ ತೆಂಗಿನ ಸೀಮೆಯಿಂದ ಬರುವ ವಿದ್ಯಾರ್ಥಿಗೆ ಈ ಪದ ಪರಕೀಯವೆನಿಸದು. ಅದು ನಮ್ಮ ‘ಕೊಬ್ಬರಿ’ಯ ಬಂಧುವೇ ಸರಿ, ಮಲಯಾಳದ ‘ಕೊಪ್ಪರ’ ಪೋರ್ಚುಗೀಸರ ಮೂಲಕ ಇಂಗ್ಲಿಷನ್ನು ಸೇರಿತು. ಆದರೆ ಬಂಧುತ್ವವಿದ್ದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ನಾವು ಭಾವಿಸಲಾಗದು.

ಇಂಗ್ಲಿಷಿನಲ್ಲಿ ‘ಕಾಪ್ರ’ ವಾಣಿಜ್ಯದ ಮಾತು. ಎಣ್ಣೆ ತೆಗೆಯಲೆಂದು ಒಣಗಿಸಿದ ತಿರುಳೇ ಅದರ ಮುಖ್ಯಾರ್ಥ. ದಬ್ಬೇಘಟ್ಟದ ಕಡೆಯ ಕೊಬ್ಬರಿ ಹಾಗಲ್ಲ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಒಳಗೇ ಅಲುಗಾಡತೊಡಗಿದ ಮೇಲೆ ಸುಲಿದು, ಕರಟ ಒಡೆದು ತೆಗೆಯುವ ಇಡೀ ಉಂಡೆಯದು, ತಿನ್ನುವ ಪದಾರ್ಥ. ಇದನ್ನು ಇಂಗ್ಲಿಷಿನಲ್ಲಿ ‘ಬಾಲ್ ಕಾಪ್ರ’ ಎಂದೇ ಬರೆಯಬೇಕು. ಈ ವಿಶೇಷಣ ಅಲಂಕಾರಕ್ಕೆ ಬಂದುದಲ್ಲ. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ ‘ಮಿಲ್ಲಿಂಗ್ ಕಾಪ್ರ’ಕ್ಕೆ ಕ್ವಿಂಟಾಲಿಗೆ 11,160 ರೂಪಾಯಿ, ‘ಬಾಲ್ ಕಾಪ್ರ’ಕ್ಕೆ 12,000 ರೂಪಾಯಿ. ಎರಡನ್ನೂ ಬರಿದೆ ‘ಕೊಬ್ಬರಿ’ ಎಂದು ಕನ್ನಡಿಸಿದರೆ ಓದುವ ರೈತನಿಗೆ ಕ್ವಿಂಟಾಲಿಗೆ 840 ರೂಪಾಯಿಯ ಗೊಂದಲ. ಎಣ್ಣೆಗೆ ಹೋಗುವ ಕೊಬ್ಬರಿ, ಉಂಡೆ ಕೊಬ್ಬರಿ ಎಂದು ಬಿಡಿಸಿ ಹೇಳಿದರೆ ಸಾಕು.

ಪ್ರಯೋಗದಲ್ಲಿಯೂ ಭೇದವುಂಟು. ‘ಎರಡು ಕೊಬ್ಬರಿ’ ಎಂದು ನಾವು ಸಹಜವಾಗಿ ಎಣಿಸುತ್ತೇವೆ. ಇಂಗ್ಲಿಷ್ ಪದವಾದರೋ ರಾಶಿವಾಚಕ, ‘ಟೂ ಕಾಪ್ರಾಸ್’ ಸಲ್ಲದು. ‘ಕೊಬ್ಬರಿ ಎಣ್ಣೆ’ ಅಲ್ಲಿ ‘ಕೋಕನಟ್ ಆಯಿಲ್’. ಕೊಬ್ಬರಿ ಮಿಠಾಯಿಗೂ ‘ಕೋಕನಟ್’ ಎಂಬುದೇ ಒಪ್ಪುವ ಮಾತು. ‘ಕಾಪ್ರ ಸ್ವೀಟ್’ ಎಂದರೆ ಇಂಗ್ಲಿಷ್ ಓದುಗನಿಗೆ ಗಿರಣಿಯ ವಾಸನೆ ಬಂದೀತು! ಇನ್ನು ‘ಹಸಿಕೊಬ್ಬರಿ’ ಎಂಬಲ್ಲಿ ಒಣಗಿದ ಅರ್ಥವೇ ಇಲ್ಲವಾದುದರಿಂದ ‘ಕಾಪ್ರ’ವನ್ನು ಅಲ್ಲಿ ಬಳಸಲೇಕೂಡದು.