ಉಪದೇಶಕ್ಕೆ ಹೊರಡುವ ಮೊದಲು ಊರಿನ ಪಾಠ

ಗುಳೇದಗುಡ್ಡದ ಒಂದು ಓಣಿ. ನೇಕಾರ ಕುಣಿಮಗ್ಗದಲ್ಲಿ ಕುಳಿತಿದ್ದಾನೆ. ಕಾಲು ಕುಣಿಯೊಳಗೆ, ಕಣ್ಣು ಎಳೆಯ ಮೇಲೆ. ಬಾಗಿಲಿಗೆ ಒಬ್ಬ ತರುಣ ಬಂದು ನಿಲ್ಲುತ್ತಾನೆ. ಕ್ರೈಸ್ತ ಧರ್ಮೋಪದೇಶದ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿ ಆತ. ತರಗತಿಯಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸುರಿಗೆ ಹೇಳಿಬಿಡುವ ತವಕ. ನೇಕಾರ ಎದ್ದು ಹೋಗುವಂತಿಲ್ಲ. ಎದ್ದರೆ ಅಂದಿನ ಕೂಲಿಗೆ ಸಂಚಕಾರ. ಮನೆಗೆ ಬಂದವನನ್ನು ಹೋಗು ಎನ್ನುವುದೂ ಈ ಸೀಮೆಯ ರೀತಿಯಲ್ಲ. ಹೀಗೆ ಎದ್ದು ಹೋಗಲಾರದವನ ಮುಂದೆ ಆಡಿದ ಮಾತನ್ನು ಆತ ಕೇಳಿಸಿಕೊಂಡ ಎನ್ನಬಹುದೇ?

ಇದು ಕಲ್ಪಿಸಿಕೊಂಡ ದೃಶ್ಯ. ಆದರೆ ಧರ್ಮೋಪದೇಶಕರನ್ನು ತಯಾರು ಮಾಡುವ ಸಂಸ್ಥೆಗಳು ಎದುರಿಸಲೇಬೇಕಾದ ನಿಜವಾದ ಪ್ರಶ್ನೆ. ಈಜನ್ನು ಪುಸ್ತಕದಿಂದ ಕಲಿಯಲಾಗದು, ನೀರಿಗೆ ಇಳಿಯಲೇಬೇಕು. ಹಾಗೆಯೇ ಉಪದೇಶಿಯಾಗುವವನು ಜನರ ನಡುವೆ ಹೋಗಲೇಬೇಕು. ಆದರೆ ಇಲ್ಲಿ ಕಲಿಯುವವನು ತಪ್ಪು ಮಾಡಿದರೆ ನೋಯುವವರು ಬೇರೆಯವರು. ಆದ್ದರಿಂದಲೇ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ, ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ಊರಿಗೆ ಕರೆದೊಯ್ಯುವ ಪದ್ಧತಿ ಬೆಳೆದುಬಂತು. ಕ್ಷೇತ್ರಕಾರ್ಯ ಎಂಬುದು ಇದಕ್ಕೆ ಇಂದಿನ ಹೆಸರು. ಅದರ ಬೇರುಗಳನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕಲಾದಗಿ ಸೀಮೆಯಲ್ಲೇ ಅದಕ್ಕೊಂದು ಚರಿತ್ರೆ ಇದೆ.

ಬಾಸೆಲ್‌ನಿಂದ ಬಂದವರು

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಮರುವರ್ಷವೇ ಅಲ್ಲಿ ಮಿಷನರಿಗಳ ತರಬೇತಿ ಶಾಲೆ ತೆರೆಯಿತು. ಅಂದರೆ ಜನರನ್ನು ಕಳುಹಿಸುವ ಮೊದಲು ಕಲಿಸುವುದೇ ಈ ಸಂಸ್ಥೆಯ ಮೊದಲ ಕೆಲಸವಾಗಿತ್ತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ, ಅದರಲ್ಲೂ ವುರ್ಟೆಂಬರ್ಗ್ ಪ್ರಾಂತದ, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು.

1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಮಿಷನ್ ಘಟ್ಟದ ಮೇಲೆ ಹರಡಿತು. 1864ರಲ್ಲಿ ಕಲಾದಗಿ ಜಿಲ್ಲಾ ಕೇಂದ್ರವಾಯಿತು. 1885ರಲ್ಲಿ ಕೇಂದ್ರ ವಿಜಾಪುರಕ್ಕೆ ಹೋಯಿತು. ಕಲೆಕ್ಟರರ ಕಚೇರಿ ಬಂದು ಹೋಯಿತಾದರೂ ಗುಳೇದಗುಡ್ಡದ ಕ್ರೈಸ್ತ ಸಭೆ ಉಳಿಯಿತು.

ಹೊಸದಾಗಿ ಬಂದ ಮಿಷನರಿಯ ಮೊದಲ ಕೆಲಸ ಭಾಷೆ ಕಲಿಯುವುದು. ಮುನಶಿಯ ಬಳಿ ಅಕ್ಷರ, ಹಿರಿಯ ಮಿಷನರಿಯ ಜತೆ ತಿರುಗಾಟ. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಹಳ್ಳಿ, ಸಂತೆ, ಜಾತ್ರೆಗಳ ಪ್ರವಾಸ. ಜತೆಗೆ ಈ ನಾಡಿನವನೇ ಆದ ಉಪದೇಶಿ. ಊರಿನ ರೀತಿ ನೀತಿ ತಿಳಿದವನು ಆತನೇ ಆದ್ದರಿಂದ, ಹೆಸರಿಗೆ ಸಹಾಯಕನಾದರೂ ಅನೇಕ ಸಂದರ್ಭಗಳಲ್ಲಿ ಹೊಸಬನಿಗೆ ಆತನೇ ಗುರು. ನಡೆದದ್ದನ್ನೆಲ್ಲ ಬರೆದು ಬಾಸೆಲ್‌ಗೆ ವರದಿ ಕಳುಹಿಸಬೇಕು. ಆ ವರದಿಗಳು ಇಂದಿಗೂ ಅಲ್ಲಿನ ಪತ್ರಾಗಾರದಲ್ಲಿವೆ.

ಈ ನಾಡಿನವರನ್ನೇ ತರಬೇತಿಗೊಳಿಸಲು ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಶಾಲೆ ನಡೆಸಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಇವರೇ. ಬಲ್ಮಠದಲ್ಲಿ 1847ರಲ್ಲಿ ಆರಂಭವಾದ ಸೆಮಿನರಿಯ ಪರಂಪರೆಯನ್ನು ಇಂದು ಅಲ್ಲಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಮುಂದುವರಿಸಿದೆ.

ಅವಸರದ ಫಲ

ತಿರುಗಾಟವೆಲ್ಲ ಸಫಲವಾಯಿತೆಂದಲ್ಲ. 1840ರ ಸುಮಾರಿನಲ್ಲಿ, ಕಾಲಜ್ಞಾನದ ಗ್ರಂಥಗಳನ್ನು ನಂಬಿದ್ದ ಒಂದು ಪಂಥದವರಿಗೂ ಹುಬ್ಬಳ್ಳಿ-ಧಾರವಾಡದ ಮಿಷನರಿಗಳಿಗೂ ಸಂಪರ್ಕ ಬೆಳೆಯಿತು. ಆ ಪಂಥದವರು ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತ ಸಭೆಗೆ ಸೇರುವರೆಂಬ ನಿರೀಕ್ಷೆ ಮಿಷನರಿಗಳಲ್ಲಿ ಹುಟ್ಟಿತು. ಅವರಿಗಾಗಿ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಬೇಸಾಯದ ನೆಲೆಯನ್ನೇ ತೆರೆಯಲಾಯಿತು. ನಿರೀಕ್ಷಿಸಿದ ಜನ ಬರಲೇ ಇಲ್ಲ.

ಕಾಲಜ್ಞಾನ ಎಂಬುದು ಕನ್ನಡ ನಾಡಿನ ಶರಣ, ಸಿದ್ಧ ಪರಂಪರೆಗಳೊಡನೆ ಹೆಣೆದುಕೊಂಡ ಸಂಗತಿ. ‘ಮುಂದೆ ಬರುವವರು’ ಎಂಬ ಮಾತಿಗೆ ಅಲ್ಲಿ ಅದರದೇ ಅರ್ಥವಿದೆ. ಬಂದವರು ಕಿವಿಗೊಟ್ಟರು ನಿಜ, ಆದರೆ ತಮಗೆ ಬೇಕಾದುದನ್ನು ಕೇಳಿಸಿಕೊಂಡರು ಎಂದು ಈಗ ಹಿಂತಿರುಗಿ ನೋಡಿದಾಗ ತೋರುತ್ತದೆ. ಕ್ಷೇತ್ರಕಾರ್ಯದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಜನ ತಲೆಯಾಡಿಸಿದ್ದು ಒಪ್ಪಿಗೆಯೋ, ಸೌಜನ್ಯವೋ, ಅಥವಾ ಬೇರೆಯೇ ಅರ್ಥವೋ ಎಂದು ಹೊಸಬನಿಗೆ ತಿಳಿಯದು.

ಇದಕ್ಕೆ ಪ್ರತಿಯಾಗಿ ಫರ್ಡಿನೆಂಡ್ ಕಿಟ್ಟೆಲರ ಉದಾಹರಣೆ ಇದೆ. 1853ರಲ್ಲಿ ಬಂದ ಅವರು ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಓಡಾಡಿ ಕನ್ನಡವನ್ನು ಜನರ ಬಾಯಿಂದ ಕಲಿತರು. 1894ರಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ, ಗಾದೆಗಳಂತೂ ಹೇರಳ. ಎಷ್ಟು ಜನರನ್ನು ಅವರು ಸಭೆಗೆ ಸೇರಿಸಿದರೆಂಬುದು ಇಂದು ಯಾರಿಗೂ ಮುಖ್ಯವಲ್ಲ. ಕೇಳಿ ಬರೆದಿಟ್ಟದ್ದನ್ನು ಮಾತ್ರ ಎಲ್ಲ ಮತದ ಕನ್ನಡಿಗರೂ ಬಳಸುತ್ತಿದ್ದಾರೆ.

ಇಬ್ಬಿಬ್ಬರಾಗಿ, ಲೆಕ್ಕ ಒಪ್ಪಿಸುತ್ತ

ಕ್ರೈಸ್ತರಿಗೆ ಇದರ ಮೂಲ ಮಾದರಿ ಬೈಬಲಿನಲ್ಲೇ ಇದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾನೆ. ಏನು ಒಯ್ಯಬೇಕು, ಏನು ಒಯ್ಯಬಾರದು, ಒಪ್ಪದ ಊರಿನಿಂದ ಹೇಗೆ ಹೊರಡಬೇಕು ಎಂದು ಮೊದಲೇ ತಿಳಿಸುತ್ತಾನೆ. ಹಿಂತಿರುಗಿದ ಶಿಷ್ಯರು ನಡೆದದ್ದನ್ನು ಬಂದು ಹೇಳುತ್ತಾರೆ. ಸಿದ್ಧತೆ, ಜತೆಗಾರ, ಅವಲೋಕನ ಈ ಮೂರೂ ಅಲ್ಲಿವೆ.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಶಿಕ್ಷಣದ ಕ್ರಮ ಬಂತು. ಅಮೆರಿಕದ ಪಾದ್ರಿ ಆಂಟನ್ ಬೋಯ್ಸನ್ ಸ್ವತಃ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿ ಚೇತರಿಸಿಕೊಂಡವರು. 1925ರಲ್ಲಿ ಅವರು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ತರಬೇತಿ ಆರಂಭಿಸಿದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯನನ್ನೂ ಓದಬೇಕೆಂಬುದು ಅವರ ವಾದ. ಈ ಪದ್ಧತಿ ಬೆಳೆದಂತೆ, ರೋಗಿಯೊಡನೆ ನಡೆದ ಸಂಭಾಷಣೆಯನ್ನು ವಿದ್ಯಾರ್ಥಿ ನೆನಪಿನಿಂದ ಮಾತಿಗೆ ಮಾತು ಬರೆದು, ಮೇಲ್ವಿಚಾರಕರ ಮುಂದೆ ಚರ್ಚಿಸುವ ರೂಢಿ ಬಂತು. ತಾನು ಎಲ್ಲಿ ಅಡ್ಡಬಾಯಿ ಹಾಕಿದೆ, ಎಲ್ಲಿ ನೋವನ್ನು ಕೇಳದೆ ಬೋಧನೆಗೆ ಇಳಿದೆ ಎಂಬುದು ಆಗ ವಿದ್ಯಾರ್ಥಿಗೇ ಕಾಣುತ್ತದೆ.

ಯೋಜನೆ ಹೇಗಿರಬೇಕು?

ಬಾದಾಮಿ, ಹುನಗುಂದ, ಇಳಕಲ್ ಸುತ್ತ ಇಂಥ ಒಂದು ವಾರದ ಪ್ರವಾಸ ಏರ್ಪಡಿಸುವುದಾದರೆ ಮೊದಲು ತೀರ್ಮಾನಿಸಬೇಕಾದದ್ದು ಉದ್ದೇಶ. ರೋಗಿಗಳ ಭೇಟಿಯೋ, ಸಭೆಯ ಮನೆಗಳ ಭೇಟಿಯೋ, ಶಾಲೆಯ ಕೆಲಸವೋ, ಉಪದೇಶವೋ ಎಂಬುದು ಸ್ಪಷ್ಟವಿರಬೇಕು. ಒಂದನ್ನು ಹೇಳಿ ಇನ್ನೊಂದನ್ನು ಮಾಡಿದರೆ ಜನರ ವಿಶ್ವಾಸ ಹೋಗುತ್ತದೆ.

ಎರಡನೆಯದು ಕಾಲ. ಬಿಳಿಜೋಳದ ಸುಗ್ಗಿಯಲ್ಲಿ ರೈತನ ಮನೆಯಲ್ಲಿ ಯಾರೂ ಸಿಗರು. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡದ ಊರುಗಳಲ್ಲಿ ಕಟ್ಟೆಯ ಮೇಲೆ ಜನ ಸಿಕ್ಕಾರು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಜನ ಹೋಗುವುದು ತಮ್ಮ ದೇವಿಯ ದರ್ಶನಕ್ಕೆ. ಹಿಂದೆ ಮಿಷನರಿಗಳು ಜಾತ್ರೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಇನ್ನೊಬ್ಬರ ಹಬ್ಬದ ನಡುವೆ ನಿಂತು ಸಾರುವುದು ಸರಿಯೇ ಎಂದು ಇಂದಿನ ಮೇಲ್ವಿಚಾರಕ ಯೋಚಿಸಬೇಕಾಗುತ್ತದೆ.

ಮೂರನೆಯದು ಅನುಮತಿ ಮತ್ತು ಆತಿಥ್ಯ. ಸ್ಥಳೀಯ ಸಭಾಪಾಲಕರಿಗೂ ಊರಿನ ಹಿರಿಯರಿಗೂ ಮೊದಲೇ ತಿಳಿಸಬೇಕು. ಉಳಿಯುವುದು ಎಲ್ಲಿ, ಊಟದ ಖರ್ಚು ಯಾರದು, ಕಾಯಿಲೆಯಾದರೆ ಯಾರು ನೋಡಿಕೊಳ್ಳುತ್ತಾರೆ, ವಿದ್ಯಾರ್ಥಿನಿಯರ ಜತೆ ಯಾರಿರುತ್ತಾರೆ ಎಂಬುದೆಲ್ಲ ಹೊರಡುವ ಮೊದಲೇ ಬರವಣಿಗೆಯಲ್ಲಿ ಇರಬೇಕು. ಮಕ್ಕಳೊಡನೆ ಕೆಲಸವಿದ್ದರೆ ತಂದೆ ತಾಯಿಯ ಒಪ್ಪಿಗೆ ಬೇಕು.

ನಾಲ್ಕನೆಯದು ಮಾತು. ಮಂಗಳೂರು ಅಥವಾ ಬೆಂಗಳೂರಿನ ಕನ್ನಡ ಇಲ್ಲಿ ತಿಳಿಯುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ‘ಯಪ್ಪಾ’, ‘ಯವ್ವಾ’, ‘ಅಣ್ಣಾರ’, ‘ಅಕ್ಕಾರ’ ಎಂದು ಕರೆದು, ‘ಆರಾಮ ಅದೀರೇನ್ರಿ?’ ಎಂದು ಕೇಳಿ, ಉತ್ತರ ಪೂರ್ತಿ ಆಗುವತನಕ ಸುಮ್ಮನಿರುವುದನ್ನು ಕಲಿಯಬೇಕು.

ಕೊನೆಯದು ಸಂಜೆಯ ಕೂಟ. ಎಲ್ಲರೂ ದಿನಚರಿ ಓದಬೇಕು. ಎಷ್ಟು ಮನೆ ಹತ್ತಿದೆವು, ಎಷ್ಟು ಪುಸ್ತಕ ಹಂಚಿದೆವು ಎಂಬ ಲೆಕ್ಕ ಸುಲಭ. ಇಂದು ಯಾರಿಂದ ಏನು ಕಲಿತೆ, ಯಾರಿಗೆ ಬೇಸರ ಮಾಡಿದೆ ಎಂಬ ಪ್ರಶ್ನೆಗೆ ಉತ್ತರ ಕಠಿಣ. ಮೇಲ್ವಿಚಾರಕ ಅದನ್ನೇ ಕೇಳಬೇಕು.

ಅನ್ನ ಮತ್ತು ಮಾತು

ಇನ್ನೊಂದು ಸೂಕ್ಷ್ಮವಿದೆ. 1876-78ರ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಆಗ ಬಾಸೆಲ್ ಮಿಷನ್ ಅನಾಥ ಮಕ್ಕಳನ್ನು ಸಾಕುವ ಹೊಣೆ ಹೊತ್ತಿತು. ಜೀವಗಳು ಉಳಿದವು, ಇದು ಸಣ್ಣ ಮಾತಲ್ಲ. ಆದರೆ ಅನ್ನ ಕೊಟ್ಟ ಕೈಯೇ ಮತವನ್ನೂ ಕೊಟ್ಟಾಗ, ಪಡೆದವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಆಗಿನಿಂದಲೂ ಮುಗಿದಿಲ್ಲ. ಮಗ್ಗದಿಂದ ಏಳಲಾರದ ನೇಕಾರನ ಪ್ರಶ್ನೆಯೂ ಇದೇ.

ಕಾನೂನೂ ಈ ಗೆರೆಯನ್ನು ಗುರುತಿಸಲು ಯತ್ನಿಸಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯಲ್ಲಿ ಎಲ್ಲರಿಗೂ ನೀಡಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ಕುರಿತ ಕಾಯ್ದೆ ಬಂತು. ಅದನ್ನು ಹಿಂಪಡೆಯಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ವಿದ್ಯಾರ್ಥಿಯನ್ನು ಹೊರಗೆ ಕಳುಹಿಸುವ ಸಂಸ್ಥೆ ಇದನ್ನೆಲ್ಲ ಆತನಿಗೆ ಮೊದಲೇ ತಿಳಿಸಿ ಹೇಳದಿದ್ದರೆ ಆತನನ್ನು ಅಪಾಯಕ್ಕೆ ತಳ್ಳಿದಂತೆ.

ಊರಿಗೆ ಹೊಸದಲ್ಲ

ಧರ್ಮ ಹೇಳಲು ಊರೂರು ತಿರುಗುವವರು ಈ ಸೀಮೆಗೆ ಹೊಸಬರಲ್ಲ. ಜಂಗಮರು, ದಾಸರು, ತತ್ವಪದಕಾರರು ಇಲ್ಲಿ ನಡೆದಾಡಿದ್ದಾರೆ. ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವೂ ಮಠಾಧಿಪತಿಗಳಾಗುವ ವಟುಗಳನ್ನು ಗುರುಗಳ ಕಣ್ಣೆದುರು ತಯಾರು ಮಾಡುವ ಶಾಲೆಯೇ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಬೀದಿ ಬೀದಿ ಸುತ್ತಿದರು. ಅವರು ಬೇಡಿದ ಭಿಕ್ಷೆ ಜನರ ದುಶ್ಚಟಗಳನ್ನು. ಇಂಥವರನ್ನು ನೋಡಿದ ಜನ ಬಾಗಿಲಿಗೆ ಬಂದವನ ಮಾತಿಗಿಂತ ಮೊದಲು ಆತನ ನಡೆಯನ್ನು ನೋಡುತ್ತಾರೆ.

ಹೀಗಾಗಿ ನೇಕಾರನ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಹಿಂದೆ ನಿಂತ ಹಿರಿಯ ಹೇಳಿಕೊಡಬೇಕಾದದ್ದು ಬಹಳವೇನಲ್ಲ. ‘ಅಣ್ಣಾರ, ಕೆಲಸದಾಗ ಅದೀರಿ, ಮತ್ತ ಬರ್ತೀವ್ರಿ’ ಎಂದು ಹೇಳಿ ಹಿಂತಿರುಗುವುದನ್ನು ಕಲಿಸಿದರೆ ಮೊದಲ ದಿನದ ಪಾಠ ಆಯಿತು. ನೇಕಾರ ತಾನಾಗಿ ಕುಣಿಯಿಂದ ಎದ್ದು ಬಂದು, ‘ಒಳಗ ಬರ್ರಿ, ನೀರು ಕುಡೀರಿ’ ಎಂದ ದಿನ ಉಳಿದ ಮಾತು.