ಮಕ್ಕಳ ಮನೋವ್ಯಥೆಗೆ ಚಿಕಿತ್ಸೆ: ಕೇಳಿ ಪಡೆಯಬೇಕಾದ ಹಕ್ಕು

ಮಕ್ಕಳಿಗೆ ಜ್ವರ ಬಂದರೆ ಆಸ್ಪತ್ರೆಗೆ ಧಾವಿಸುವ ನಾವು, ಪ್ರಾಯದ ಮಗನೋ ಮಗಳೋ ಊಟ-ನಿದ್ರೆ ತೊರೆದು ಮಂಕಾಗಿ ಕುಳಿತರೆ 'ವಯಸ್ಸಿನ ದೋಷ' ಎಂದು ಸುಮ್ಮನಾಗುತ್ತೇವೆ. ನಾಚಿಕೆಯ ಜೊತೆಗೆ ಖರ್ಚಿನ ಅಂಜಿಕೆಯೂ ಇದಕ್ಕೆ ಕಾರಣ. ಹಾರೋಹಳ್ಳಿ ಸಮೀಪದ ದೇವರಕಗ್ಗಲಹಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದ್ದರೂ, ಖಾಸಗಿ ಎಂದೊಡನೆ ಬಡವರು ಹಿಂಜರಿಯುವುದು ಸಹಜ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಪ್ರಕರಣದಂತೆ, ಸರ್ಕಾರಿ ಮಾನಸಿಕ ಚಿಕಿತ್ಸಾಲಯಗಳಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಚಿಕಿತ್ಸೆ ಉಚಿತ. ಕಾಯ್ದೆ ಹೇಳುವ ಕನಿಷ್ಠ ಸೇವೆ ಜಿಲ್ಲೆಯಲ್ಲಿ ದೊರೆಯದಿದ್ದರೆ, ಅದೇ ಜಿಲ್ಲೆಯ ಬೇರೆ ಚಿಕಿತ್ಸಾಲಯದಲ್ಲಿ ಆಗುವ ವೆಚ್ಚವನ್ನು ಸರ್ಕಾರವೇ ಭರಿಸಬೇಕು.

ಆದರೆ ಹಕ್ಕು ತಾನಾಗಿ ಮನೆಗೆ ಬಾರದು. ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣೋಣ. ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಕೇಳೋಣ. ಖಾಸಗಿ ಆಸ್ಪತ್ರೆಗೆ ದಾಖಲಿಸುವ ಮೊದಲೇ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆ ಆಸ್ಪತ್ರೆಯೂ ಆ ಚಿಕಿತ್ಸೆಯೂ ಸೇರಿವೆಯೇ ಎಂದು ಆರೋಗ್ಯಮಿತ್ರರನ್ನು ವಿಚಾರಿಸೋಣ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಕ್ಕಳು ಸಾವಿನ ಮಾತನಾಡಿದರೆ ಮಾತ್ರ ತಡಮಾಡದೆ, ಒಂಟಿಯಾಗಿ ಬಿಡದೆ, ಅಂದೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಕ್ಕಳಿಗಾಗಿ ವಿಭೂತಿ ಬೇಡಿ ಮಠಕ್ಕೆ ಬರುವ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ಆಶೀರ್ವಾದದ ಜೊತೆಗೆ ವೈದ್ಯರ ಚೀಟಿಯೂ ಕೈಯಲ್ಲಿರಲಿ.